ಹಿನ್ನೀರಿನ ಸೊಬಗು ಯಾರಪ್ಪನ ಗಂಟು?

ನಮ್ಮ ಚಿಕ್ಕಪ್ಪನ ಮಗ ಕಬಿನಿ ಹಿನ್ನೀರಿನ ದಡದ ಒಂದು ರೆಸಾರ್ಟಿನಲ್ಲಿ ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕಿದ್ದಾನೆ. ಹೋದ ಸಲ ರಜಕ್ಕೆ ಬರುವಾಗ ಒಂದು ಕಟ್ಟು ಬಣ್ಣದ ಹಾಳೆ ತಂದ. ಹಳೇ ರೇಟು ಅಚ್ಚಾಗಿದೆ, ಇನ್ನು ಬೇಡ, ಒಲೆಗೆ ಹಾಕ್ಕೊಳಿ ಅಂದರಂತೆ. ನಮ್ಮ ಚಿಕ್ಕವ್ವ ಒಲೆಗೆ ಹಾಕಲಿಲ್ಲ. ಕಾಗದ ಗಟ್ಟಿಯಾಗದೆ ಅಂತ ಗೂಡಿಗೆ ಹಾಸಿ ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಳು. ಉಳಿದ ಒಂದು ಹಾಳೆ ನಮ್ಮ ಕೈಗೆ ಕೊಟ್ಟು, 'ಡಿಗ್ರಿ ಓದಿದ್ದೀಯಲ್ಲ, ಏನು ಬರ್ದವ್ರೆ ಓದಪ್ಪ' ಅಂದಳು.

ಇಂಗ್ಲಿಷಿನಲ್ಲಿತ್ತು. ನಾವು ಕನ್ನಡ ಮಾಡಿ ಹೇಳಿದೆವು. ಯಾರೂ ಮುಟ್ಟದ ಕಾಡು. ಕಾಲವೇ ನಿಂತುಹೋದ ಜಾಗ. ಸದ್ದಿಲ್ಲದ ರಾತ್ರಿ, ನಕ್ಷತ್ರ ತುಂಬಿದ ಕತ್ತಲೆ. ಕಾಡಿನ ಮಕ್ಕಳ ಗುಡಿಸಲಿನಂತೆಯೇ ಕಟ್ಟಿದ ಕೋಣೆ. ಒಳಗೆ ಏಸಿ, ಬಿಸಿನೀರು, ಹಿಂದುಗಡೆ ಸ್ವಂತದ್ದೊಂದು ಈಜುಕೊಳ. ಸಂಜೆ ಬೆಂಕಿ ಹಾಕಿ ಬುಡಕಟ್ಟು ಕುಣಿತ. ಕಾಡುಜೇನು. ಅದೃಷ್ಟ ಇದ್ದರೆ ಹುಲಿ, ಇನ್ನೂ ಅದೃಷ್ಟ ಇದ್ದರೆ ಕರಿ ಚಿರತೆ.

ಚಿಕ್ಕವ್ವ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಯಾರೂ ಮುಟ್ಟಿಲ್ವಂತಾ? ನಿಮ್ಮಜ್ಜಿ ಅಲ್ಲೇ ಕಣೋ ಸೌದೆ ಮುರೀತಿದ್ದುದ್ದು' ಅಂದಳು.

ನಾವು ಹೇಳಬೇಕಾದ್ದು ಇಷ್ಟರಲ್ಲೇ ಮುಗಿದುಹೋಯಿತು. ಆದರೆ ಚಿಕ್ಕವ್ವನ ಮಾತನ್ನು ಸಾಕ್ಷಿ ಅಂತ ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ. ಅದಕ್ಕೇ ನಾವು ಬರೆಯುತ್ತಿದ್ದೇವೆ.

ಮುಟ್ಟದ ಕಾಡು! ಈ ಮಾತು ಬರೆದವನಿಗೆ ತಾನು ಏನು ಬರೆದೆ ಅಂತ ಗೊತ್ತಿರಲಿಕ್ಕಿಲ್ಲ. ಈ ದೇಶದಲ್ಲಿ ಮುಟ್ಟದ್ದು ಅಂದರೆ ಏನು ಅಂತ ನಮ್ಮನ್ನು ಕೇಳಿ. ನಮ್ಮ ನೆರಳು ಬಿದ್ದರೆ ನೀರು ಚಿಮುಕಿಸಿಕೊಂಡವರ ಮೊಮ್ಮಕ್ಕಳು, ಮುಟ್ಟದ ಕಾಡನ್ನು ನೋಡೋದಕ್ಕೆ ಒಂದು ರಾತ್ರಿಗೆ ಹತ್ತಾರು ಸಾವಿರ ಕೊಟ್ಟು ಬರುತ್ತಾರೆ. ಮನುಷ್ಯ ಮುಟ್ಟಬಾರದವನಾದರೆ ಅವನಿಗೆ ಊರ ಹೊರಗೆ ಜಾಗ. ಕಾಡು ಮುಟ್ಟದ್ದಾದರೆ ಅದಕ್ಕೆ ರೇಟು.

ಒಂದು ಜಾಗ ಪ್ರವಾಸಿಗೆ ಯಾಕೆ ಚೆಂದ ಕಾಣುತ್ತದೆ? ಪ್ರವಾಸೋದ್ಯಮದ ಪಂಡಿತರು ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ: ನಿಸರ್ಗ, ನೆಮ್ಮದಿ, ಸೌಕರ್ಯ, ಸ್ಥಳೀಯ ಸಂಸ್ಕೃತಿ. ಈ ನಾಲ್ಕೂ ಆಕಾಶದಿಂದ ಉದುರಿದವು ಅನ್ನೋ ಹಾಗೆ ಬರೆದಿದ್ದಾರೆ. ನಾವು ಹೇಳುತ್ತೇವೆ, ಈ ನಾಲ್ಕನ್ನೂ ಮನುಷ್ಯರೇ ಮಾಡಿದ್ದಾರೆ. ಯಾರನ್ನೋ ಎತ್ತಿ ಆಚೆ ಹಾಕಿ ಮಾಡಿದ್ದಾರೆ. ಎತ್ತಿ ಹಾಕಿದ ಮೇಲೆ ಅವರದೇ ಒಂದು ಗೊಂಬೆ ಮಾಡಿ ಬಾಗಿಲಲ್ಲಿ ನಿಲ್ಲಿಸಿದ್ದಾರೆ.

ಬೇಕಾದರೆ ಬನ್ನಿ, ಹೆಗ್ಗಡದೇವನಕೋಟೆಯಿಂದ ಅಂತರಸಂತೆ ದಾಟಿ ಕಾರಾಪುರದ ಕಡೆಗೆ ಹೋಗೋಣ. ಹಿನ್ನೀರಿನ ಫೋಟೋ ನೀವು ನೋಡಿರುತ್ತೀರಿ. ತಿಳಿನೀರು, ನೀರಿನ ನಡುವೆ ಎಲೆಯಿಲ್ಲದೆ ನಿಂತ ಒಣ ಮರಗಳು, ಮರದ ತುದಿಯಲ್ಲಿ ರೆಕ್ಕೆ ಒಣಗಿಸುವ ನೀರುಕಾಗೆ. ಎಂಥ ಸೊಬಗು ಅಂತಾರೆ. ಹೌದು, ಸೊಬಗೇ. ಆ ಮರಗಳು ನೀರಿನಲ್ಲಿ ಹುಟ್ಟಿದವಲ್ಲ ಸ್ವಾಮಿ. ನಿಂತ ಜಾಗದಲ್ಲೇ ಮುಳುಗಿ ಸತ್ತವು. 1974ರಲ್ಲಿ ಕಬಿನಿಗೆ ಬೀಚನಹಳ್ಳಿಯ ಹತ್ತಿರ ಅಣೆಕಟ್ಟು ಎದ್ದಿತು. ಕಾಡು ಮುಳುಗಿತು, ಊರು ಮುಳುಗಿತು, ಗುಡಿ ಮುಳುಗಿತು, ಹೂತ ಹೆಣಗಳೂ ಮುಳುಗಿದವು. ಊರಿಗೆ ಊರು ಎತ್ತಿಕೊಂಡು ಗಾಡಿ ಕಟ್ಟಿದವರಲ್ಲಿ ಪಟ್ಟಾ ಇದ್ದವನಿಗೆ ಪರಿಹಾರ ಅಂತ ಏನೋ ಬಂತು. ನಮ್ಮ ಕೇರಿಯವರಿಗೆ ಪಟ್ಟಾ ಎಲ್ಲಿತ್ತು? ಇನ್ನೊಬ್ಬರ ಹೊಲದಲ್ಲಿ ದುಡಿದವರು. ಮುಳುಗಿದ್ದು ಗೌಡನ ಹೊಲ, ನಿಂತುಹೋದದ್ದು ನಮ್ಮ ಕೂಳು. ಕೂಳಿಗೆ ಸರ್ವೆ ನಂಬರ್ ಇರೋದಿಲ್ಲ.

ಈಗ ಆನೆಗಳ ಮಾತು. ಬೇಸಿಗೆಯಲ್ಲಿ, ಮಾರ್ಚಿಯಿಂದ ಮೇ ತಿಂಗಳ ತನಕ, ಕಬಿನಿ ದಡದಲ್ಲಿ ಆನೆಗಳು ಹಿಂಡು ಹಿಂಡಾಗಿ ಸೇರುತ್ತವೆ. ಏಷ್ಯಾದಲ್ಲೇ ಇಷ್ಟು ಆನೆಗಳು ಒಂದು ಕಡೆ ಸೇರೋ ಜಾಗ ಅಪರೂಪ ಅಂತಾರೆ. ಅದನ್ನು ನೋಡೋದಕ್ಕೇ ಜರ್ಮನಿಯಿಂದ, ಇಂಗ್ಲೆಂಡಿನಿಂದ ಜನ ಬರುತ್ತಾರೆ. ಯಾಕೆ ಸೇರುತ್ತವೆ? ಆನೆ ಬುದ್ಧಿವಂತ ಪ್ರಾಣಿ, ಕಾರಣವಿಲ್ಲದೆ ಬರೋದಿಲ್ಲ. ಬೇಸಿಗೆಗೆ ಕಾಡು ಒಣಗುತ್ತದೆ. ಕಾಲುವೆಗೆ ನೀರು ಬಿಟ್ಟು ಬಿಟ್ಟು ಹಿನ್ನೀರು ಇಳಿಯುತ್ತದೆ. ಇಳಿದ ಕಡೆಯೆಲ್ಲ ಹಸಿ ನೆಲ ಮೇಲಕ್ಕೆ ಬರುತ್ತದೆ, ಅದರ ಮೇಲೆ ಎಳೇ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೆ, ಆ ನೀರಿಗೆ ಆನೆ ಬರುತ್ತವೆ. ಆ ನೆಲದಲ್ಲಿ ಮುಳುಗಿದ ಊರುಗಳ ಹೊಲವೂ ಇದೆ. ನಮ್ಮ ದೊಡ್ಡಪ್ಪ ದಡದಲ್ಲಿ ನಿಂತು ಬೆರಳು ತೋರಿಸಿ, 'ಅಗೋ ಆ ಮರಿಯಾನೆ ನಿಂತದಲ್ಲ, ಅಲ್ಲಿ ನಾವು ರಾಗಿ ಒಕ್ಕಣೆ ಮಾಡ್ತಿದ್ದೋ' ಅಂತಿದ್ದರು. ಮುಳುಗಿದಾಗ ಅವರು ಇನ್ನೂ ಹುಡುಗ. ಆ ಬೆರಳು ತೋರಿಸೋದು ಬೋಟಿನಲ್ಲಿ ಕೂತ ಯಾವ ಪ್ರವಾಸಿಗೂ ಕಾಣುವುದಿಲ್ಲ. ಅವನ ಕ್ಯಾಮರಾದ ಉದ್ದ ಮೂತಿ ಆನೆಯ ಕಡೆಗೇ ಇರುತ್ತದೆ.

ಅಂದಮೇಲೆ ಈ ನಿಸರ್ಗ ಎಷ್ಟು ವರ್ಷದ್ದು? ಐವತ್ತು ಚಿಲ್ಲರೆ ವರ್ಷದ್ದು. ನಮ್ಮ ದೊಡ್ಡಪ್ಪನಿಗಿಂತ ಚಿಕ್ಕದು. ಇದಕ್ಕೆ ಕಾಲವೇ ನಿಂತುಹೋದ ಜಾಗ ಅನ್ನುತ್ತಾರೆ.

ಅದಕ್ಕೂ ಹಿಂದೆ ಈ ಕಾಡು ನೋಡಲು ಬರುತ್ತಿದ್ದವರು ಬೇರೆ. ಮಹಾರಾಜರು ಬರುತ್ತಿದ್ದರು, ವೈಸರಾಯರು ಬರುತ್ತಿದ್ದರು. ಅವರ ಕಣ್ಣಿಗೆ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆ ಹಿಂಡನ್ನು ಡೋಲು ಬಡಿದು, ಬೆಂಕಿ ಹಚ್ಚಿ, ಕೂಗಿ ಅಟ್ಟಿಸಿಕೊಂಡು ಬಂದು ಹೊಳೆಗೆ ಇಳಿಸಿ ಕೂಡಿಹಾಕುವುದು. ಮೇಲೆ ಅಟ್ಟಣೆ ಕಟ್ಟಿ ದೊರೆಗಳು ಕೂತು ನೋಡುವುದು. ಆನೆಯ ಕಾಲಡಿ ಓಡುತ್ತಿದ್ದವರು ಯಾರು? ಜೇನುಕುರುಬರು, ಬೆಟ್ಟಕುರುಬರು, ಸುತ್ತಲಿನ ಹಳ್ಳಿಯ ಕೂಲಿಗಳು. ಹಿಡಿದ ಆನೆ ಪಳಗಿಸಿದ ಮಾವುತ, ಕಾವಾಡಿ ಅವರೇ. ಇವತ್ತೂ ದಸರೆಯ ಆನೆಯ ಕತ್ತಿನ ಮೇಲೆ ಕೂತವರನ್ನು ನೋಡಿ, ಬಹಳ ಜನ ಈ ಹಾಡಿಗಳ ಮಕ್ಕಳೇ.

ತಾರೀಖು ನೋಡಿ, ಎಷ್ಟು ಬೇಗ ಬೇಗ ಆಗಿದೆ. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ. 1972ರಲ್ಲಿ ವನ್ಯಜೀವಿ ಕಾಯ್ದೆ. 1974ರಲ್ಲಿ ಅಣೆಕಟ್ಟು; ಖೆಡ್ಡಾ ನಡೆದ ಜಾಗವೇ ನೀರಿನಡಿ ಹೋಯಿತು. 1977ರಲ್ಲಿ ಮಾಸ್ತಿಯವರ ನಾಟಕ ಸಿನಿಮಾ ಆಗಿ ಪಟ್ಟಣದವರು ಟೆಂಟಿನಲ್ಲಿ ಕೂತು ಕಾಕನಕೋಟೆ ನೋಡಿದರು. ಜಾಗ ಮುಳುಗಿದ ಮೂರು ವರ್ಷಕ್ಕೆ ಪರದೆ ಮೇಲೆ ತೇಲಿತು. 1980ರಲ್ಲಿ ಸರ್ಕಾರವೇ ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ ಜಂಗಲ್ ಲಾಡ್ಜಸ್ ಕಟ್ಟಿತು. ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆ, ವೈಸರಾಯರ ಬಂಗಲೆ ಇದ್ದವಲ್ಲ, ಅವೇ ಅತಿಥಿಗಳ ಮನೆಯಾದವು. ಅಟ್ಟಣೆ ಹೋಗಿ ಜೀಪು ಬಂತು, ಬಂದೂಕು ಹೋಗಿ ಕ್ಯಾಮರಾ ಬಂತು. ಪ್ರಾಣಿಗೆ ಒಳ್ಳೆಯದಾಯಿತು, ಇಲ್ಲ ಅನ್ನೋದಿಲ್ಲ. ಆದರೆ ಕೂತು ನೋಡುವವನು ಯಾರು, ಓಡುವವನು ಯಾರು ಅನ್ನೋದು ಬದಲಾಗಿದೆಯೇ?

ಇಲ್ಲಿ ಒಂದು ಮಾತು ತಪ್ಪದೆ ಹೇಳಬೇಕು. ನಾವು ಹಾಡಿಯವರಲ್ಲ, ಕೇರಿಯವರು. ಹಾಡಿಯವರ ಪರವಾಗಿ ಮಾತಾಡೋ ಯೋಗ್ಯತೆ ನಮಗೆ ಬಂದದ್ದು ತಡವಾಗಿ. ಊರಿನವರು ನಮ್ಮನ್ನು ದೂರ ಇಟ್ಟ ಹಾಗೇ ನಮ್ಮ ಕೇರಿಯವರೂ ಜೇನುಕುರುಬರನ್ನು 'ಕಾಡು ಜನ' ಅಂತ ದೂರ ಇಟ್ಟಿದ್ದುಂಟು. ಸಂತೆಯಲ್ಲಿ ಅವರ ಜೇನನ್ನು ಒಂದು ಹಿಡಿ ಹೊಗೆಸೊಪ್ಪಿಗೆ ಕಿತ್ತುಕೊಂಡವರಲ್ಲಿ ನಮ್ಮವರೂ ಇದ್ದರು. ಇದನ್ನು ಮುಚ್ಚಿಟ್ಟು ಬರೆದರೆ ನಮ್ಮ ಸಿಟ್ಟು ಸುಳ್ಳಾಗುತ್ತದೆ.

ಹಾಡಿಯವರ ಲೆಕ್ಕ ಹೀಗಿದೆ. ನಾಗರಹೊಳೆಯಿಂದ ಎಷ್ಟು ಆದಿವಾಸಿ ಕುಟುಂಬಗಳನ್ನು ಹೊರಗೆ ಹಾಕಿದ್ದಾರೆ ಅಂತ ನೋಡಲು ಹೈಕೋರ್ಟು ಒಂದು ಸಮಿತಿ ಮಾಡಿತು. ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅದರ ಅಧ್ಯಕ್ಷರು. 2014ರಲ್ಲಿ ವರದಿ ಕೊಟ್ಟರು. 3,418 ಕುಟುಂಬ. ಕುಟುಂಬಕ್ಕೆ ನಾಲ್ಕು ಜನ ಅಂತ ಇಟ್ಟುಕೊಳ್ಳಿ, ನೀವೇ ಗುಣಿಸಿ. ಅವರಲ್ಲಿ ಎಷ್ಟೋ ಜನ ಕೊಡಗಿನ ಕಾಫಿ ತೋಟದ ಲೈನ್ ಮನೆ ಸೇರಿದರು. ಎಷ್ಟೋ ಜನ ವಯನಾಡಿನ ಶುಂಠಿ ಹೊಲಕ್ಕೆ ಹೋದರು. ಕಾಡಿನಲ್ಲಿ ಕಾಲಿಟ್ಟರೆ ಅಪರಾಧ. ಜೇನು ಕೀಳೋದು ಅಪರಾಧ, ಗೆಡ್ಡೆ ಅಗೆಯೋದು ಅಪರಾಧ, ಅಜ್ಜನ ಸಮಾಧಿಗೆ ಹೋಗಿ ದೀಪ ಹಚ್ಚೋದು ಅಪರಾಧ. ಜೀಪಿನಲ್ಲಿ ಟಿಕೆಟ್ಟು ಕೊಂಡು ಕೂತರೆ ನಿಸರ್ಗ ಪ್ರೇಮ.

ಈಗ ಎರಡು ಗುಡಿಸಲನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ರೆಸಾರ್ಟಿನದು. ಹುಲ್ಲಿನ ಮಾಡು, ಮಣ್ಣು ಬಣ್ಣದ ಗೋಡೆ, ಗೋಡೆ ಮೇಲೆ ಬಿಳಿ ಚಿತ್ತಾರ. ಇದಕ್ಕೆ ಲೈಸೆನ್ಸು ಇದೆ, ಕರೆಂಟಿದೆ, ಕಾವಲಿಗೆ ಜನ ಇದ್ದಾರೆ. ಇನ್ನೊಂದು, 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಯಲ್ಲಿ ಎದ್ದದ್ದು. ಅಲ್ಲಿಂದ ಹೊರಬಿದ್ದಿದ್ದ 52 ಜೇನುಕುರುಬ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಕೈಲಿ ಹಿಡಿದು, ಇದು ನಮ್ಮ ಹಿರೀಕರ ನೆಲ ಅಂತ ವಾಪಸು ನಡೆದವು. ಬಿದಿರು ನೆಟ್ಟು ಗುಡಿಸಲು ಹಾಕಿದವು. ಕೂಡಲೇ ಅರಣ್ಯ ಇಲಾಖೆ ಬಂತು, ಪೊಲೀಸು ಬಂತು. ಅದೇ ಗುಡಿಸಲು, ಅದೇ ಮಾಡು. ಹಾಡಿಯವನು ಕಟ್ಟಿದರೆ ಒತ್ತುವರಿ. ಕಂಪನಿ ಕಟ್ಟಿದರೆ ವಾಸ್ತುಶಿಲ್ಪ. ನಕಲಿಗೆ ಬಾಡಿಗೆ ಬರುತ್ತದೆ, ಅಸಲಿಗೆ ನೋಟೀಸು ಬರುತ್ತದೆ.

ಇದು ಹೊಸ ಕತೆಯೇನಲ್ಲ. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೇ, ಮೂರ್ಕಲ್‌ನಲ್ಲಿ, ತಾಜ್ ಗುಂಪಿಗೆ ಜಂಗಲ್ ಲಾಡ್ಜು ಮಾಡಲು ಸರ್ಕಾರ ಗುತ್ತಿಗೆ ಕೊಟ್ಟಿತ್ತು. ಒಂದು ಕೈಯಲ್ಲಿ ಹಾಡಿಯವರನ್ನು ಕಾಡಿಗೆ ಹಾನಿ ಅಂತ ಹೊರಗೆ ತಳ್ಳುವುದು, ಇನ್ನೊಂದು ಕೈಯಲ್ಲಿ ಪಂಚತಾರಾ ಹೋಟೆಲಿನವರನ್ನು ಒಳಗೆ ಕರೆಯುವುದು. 1996ರಲ್ಲಿ ಆದಿವಾಸಿಗಳು ರಸ್ತೆಗೆ ಇಳಿದರು. ಹಕ್ಕು ಸ್ಥಾಪನಾ ಸಮಿತಿ ಕಟ್ಟಿಕೊಂಡು ಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೇಳುವ ಕೇಂದ್ರದ ಅನುಮತಿಯಿಲ್ಲದೆ ಕೊಟ್ಟ ಈ ಗುತ್ತಿಗೆ ನಡೆಯೋದಿಲ್ಲ ಅಂದಿತು. ಕಟ್ಟಡ ಕಟ್ಟಿದವರು ಬಿಟ್ಟು ಹೋದರು. ಓದು ಬರಹ ಇಲ್ಲದ ಜನ ಗೆದ್ದ ಈ ಕೇಸನ್ನು ನಮಗೆ ಶಾಲೆಯಲ್ಲಿ ಯಾಕೆ ಹೇಳಿಕೊಡಲಿಲ್ಲ? ನಮ್ಮ ಪುಸ್ತಕದಲ್ಲಿ ನಾಗರಹೊಳೆ ಅಂದರೆ ಆನೆ, ಹುಲಿ, ಕಾಡೆಮ್ಮೆ. ಬಿಟ್ಟ ಸ್ಥಳ ತುಂಬಿರಿ. ಬಿಟ್ಟ ಸ್ಥಳದಲ್ಲಿ ಮನುಷ್ಯರಿದ್ದರು ಮೇಷ್ಟ್ರೇ!

ಆಮೇಲೆ ಕಂಪನಿಗಳು ಜಾಣರಾದವು. ಕಾಡಿನ ಒಳಗೆ ಬೇಡ, ಕಾಡಿನ ಅಂಚಿಗೆ, ನೀರಿನ ಅಂಚಿಗೆ ಬಂದವು. ಅಂಚು ಯಾರದು? ಸಣ್ಣ ರೈತರದು, ಮುಳುಗಡೆಯಾಗಿ ಬಂದವರದು, ದರಖಾಸ್ತಿನಲ್ಲಿ ಒಂದೆಕರೆ ಎರಡೆಕರೆ ಸಿಕ್ಕಿದ ನಮ್ಮಂಥವರದು. ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ, ದಲಿತರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಆಗಬಾರದು ಅಂತ ಕಾಯ್ದೆ ಆಯಿತು. ಪಿಟಿಸಿಎಲ್ ಅಂತ ಈಗ ಹಳ್ಳಿ ಹಳ್ಳಿಯಲ್ಲೂ ಆ ಅಕ್ಷರ ಗೊತ್ತು. ಕಾಯ್ದೆ ಇದೆ, ಜೊತೆಗೆ ಕಾಯ್ದೆ ದಾಟೋ ಓಣಿಯೂ ಇದೆ. ಮಗಳ ಮದುವೆ ಸಾಲಕ್ಕೆ ಹೆಬ್ಬೆಟ್ಟು, ಗೇಣಿ ಕಾಗದ, ಜಿಪಿಎ, ಮಧ್ಯೆ ನಮ್ಮವನೇ ಒಬ್ಬ ಬ್ರೋಕರು. ವರ್ಷಗಳಾದ ಮೇಲೆ ಮಗ ಓದಿ ದೊಡ್ಡವನಾಗಿ ಅರ್ಜಿ ಹಾಕಿದರೆ, ತಡವಾಯಿತು ಹೋಗು ಅಂತಿದ್ದವು ಕೋರ್ಟುಗಳು. ಆ ತಡದ ನೆಪ ಇರಬಾರದು ಅಂತ 2023ರಲ್ಲಿ ತಿದ್ದುಪಡಿ ತರಬೇಕಾಯಿತು, ಅದೂ ಹೋರಾಟ ಮಾಡಿದ ಮೇಲೆ. ಅದಕ್ಕೂ ಮೊದಲು 2020ರಲ್ಲಿ ಇನ್ನೊಂದು ತಿದ್ದುಪಡಿ ಬಂದಿತ್ತು, ಭೂಸುಧಾರಣಾ ಕಾಯ್ದೆಗೆ. ಬೇಸಾಯ ಮಾಡದವನೂ, ಎಷ್ಟೇ ವರಮಾನ ಇದ್ದವನೂ ಹೊಲ ಕೊಳ್ಳಬಹುದು ಅಂತ. 1974ರಲ್ಲಿ ಉಳುವವನೇ ಒಡೆಯ ಅಂದ ಸೀಮೆ ಇದು. ಈಗ ನೋಡುವವನೇ ಒಡೆಯ. ನೀರು ಕಾಣುವ ಹೊಲಕ್ಕೆ ಒಂದು ರೇಟು, ಕಾಣದ ಹೊಲಕ್ಕೆ ಇನ್ನೊಂದು. ರಾಗಿ ಎಷ್ಟು ಮೂಟೆ ಆಗುತ್ತೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿಂದ ಸೂರ್ಯ ಮುಳುಗೋದು ಕಾಣ್ತದಾ ಅಂತ ಕೇಳ್ತಾರೆ.

ಪಟ್ಟಣದ ಮನುಷ್ಯನ ಮೇಲೆ ನಮಗೆ ಹಗೆಯಿಲ್ಲ. ಬೆಂಗಳೂರಿನ ಹೊಗೆ ಕುಡಿದು, ಟ್ರಾಫಿಕ್ಕಿನಲ್ಲಿ ಕೂತು ಕೂತು ಬೆನ್ನು ಬಿದ್ದವನಿಗೆ ಎರಡು ದಿನ ಮರ ನೋಡಬೇಕು ಅನ್ನಿಸಿದರೆ ಅದು ತಪ್ಪಲ್ಲ. ಅವನ ಮಕ್ಕಳು ಜಿಂಕೆ ನೋಡಿ ಕುಣಿದದ್ದನ್ನು ನಾವೂ ನೋಡಿ ನಕ್ಕಿದ್ದೇವೆ. ನಮಗೂ ಹಿನ್ನೀರು ಚೆಂದವೇ. ನಾವೂ ಅದರ ಮೇಲೆ ಪದ್ಯ ಬರೆದವರೇ, ಹರಿದೂ ಹಾಕಿದವರೇ. ನಮ್ಮ ಜಗಳ ಚೆಂದದ ಜೊತೆ ಇಲ್ಲ. ಚೆಂದದ ಒಳಗಿಂದ ನಮ್ಮನ್ನು ಉಜ್ಜಿ ಅಳಿಸಿದವರ ಜೊತೆ ಇದೆ.

ಅವನು ದುಡ್ಡು ಕೊಟ್ಟು ಕೊಳ್ಳುವ ಇನ್ನೊಂದು ವಸ್ತು ಇದೆ. ಭಯ. ಜೀಪಿನ ಕಂಬಿ ಹಿಡಿದು ಕೂತು, ಹುಲಿ ಹತ್ತು ಮಾರು ದೂರದಲ್ಲಿ ದಾಟಿದರೆ ಮೈ ಜುಮ್ಮೆನ್ನುತ್ತದಲ್ಲ, ಆ ಭಯ. ಸಂಜೆ ಅದನ್ನು ಹೇಳಿಕೊಂಡು ಕುಡಿಯುತ್ತಾರೆ. ಅದೇ ಭಯ ನಮಗೆ ಪುಕ್ಕಟೆ ಸಿಗುತ್ತದೆ. ಹತ್ತಿ ಬಿಡಿಸಲು ಹೋದ ಹೆಂಗಸಿಗೆ, ದನ ಹೊಡೆದುಕೊಂಡು ಹೋದ ಮುದುಕನಿಗೆ, ರಾತ್ರಿ ಮೂರು ಗಂಟೆಗೆ ಹೊಲ ಕಾಯುವವನಿಗೆ ಜೀಪಿಲ್ಲ. 2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಸರಗೂರು ತಾಲೂಕಿನಲ್ಲಿ ಒಬ್ಬರ ಹಿಂದೆ ಒಬ್ಬರು ರೈತರು ಹುಲಿಯ ಬಾಯಿಗೆ ಹೋದರು. ಜನ ರೊಚ್ಚಿಗೆದ್ದರು. ನವೆಂಬರ್ 7ರಂದು ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ ಅಂತ ಅರಣ್ಯ ಸಚಿವರು ಆದೇಶ ಮಾಡಿದರು. ಸಫಾರಿ ಜೀಪಿನ ಗಲಾಟೆಗೇ ಹುಲಿ ಹೊರಗೆ ಬಂತು ಅಂತ ರೈತರು, ಹಾಗಲ್ಲ ಅಂತ ಇನ್ನು ಕೆಲವರು. ಅದು ಬೇರೆ ವಾದ. ನಮ್ಮ ಮನಸ್ಸಿಗೆ ನಾಟಿದ್ದು ಇಷ್ಟು: ಮನುಷ್ಯರು ಸತ್ತಾಗ ಸುದ್ದಿ ಒಳಪುಟದಲ್ಲಿ ಒಂದು ಕಾಲಂ ಇತ್ತು. ಸಫಾರಿ ನಿಂತಾಗ ಪ್ರವಾಸೋದ್ಯಮಕ್ಕೆ ಪೆಟ್ಟು ಅಂತ ದೊಡ್ಡಕ್ಷರದಲ್ಲಿ ಬಂತು.

ಆ ಪೆಟ್ಟು ನಮ್ಮ ಮನೆಗೂ ಬಿತ್ತು, ಸುಳ್ಳು ಹೇಳಬಾರದು. ಬುಕಿಂಗು ಇಲ್ಲ ಅಂತ ಚಿಕ್ಕಪ್ಪನ ಮಗನನ್ನು ಎರಡು ವಾರ ಮನೆಗೆ ಕಳಿಸಿದರು. ಸಂಬಳ ಕಟ್. ಚಿಕ್ಕವ್ವ ಸಂಘದ ಸಾಲದ ಕಂತು ಕಟ್ಟಲಾಗದೆ ಬಾಗಿಲು ಹಾಕಿಕೊಂಡು ಕೂತಳು. 'ಸಫಾರಿ ನಿಲ್ಸಿ ಅಂತ ಕೂಗ್ದೋರು ನಮ್ಗೆ ಹಿಟ್ಟು ತಂದ್ಕೊಡ್ತಾರಾ ಅಣ್ಣಾ?' ಅಂತ ಅವನು ನಮ್ಮನ್ನು ಕೇಳಿದ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇದೇ ಅವರ ಗೆಲುವು ನೋಡಿ. ಹೊಲ ಹೋಯಿತು, ಕಾಡು ಹೋಯಿತು, ಈಗ ಅವರ ಹಾಸಿಗೆ ಮಡಚದೆ ನಮಗೆ ಹಿಟ್ಟಿಲ್ಲ. ಸತ್ತವನು ನಮ್ಮ ತಾಲೂಕಿನವನು, ನಿಲ್ಲಿಸಬೇಡಿ ಅಂದವನೂ ನಮ್ಮ ತಾಲೂಕಿನವನೇ.

ರೆಸಾರ್ಟಿನಲ್ಲಿ ಜಾತಿ ಇಲ್ಲ ಅಂತ ಅವನು ಹೇಳುತ್ತಾನೆ. ಒಂದು ಅರ್ಥದಲ್ಲಿ ನಿಜ. ಊರ ಹೋಟೆಲಿನಲ್ಲಿ ನಮ್ಮಪ್ಪನಿಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಹುಯ್ದ ಮನೆತನದವರು, ಅಲ್ಲಿ ಮಗನ ಹುಟ್ಟುಹಬ್ಬಕ್ಕೆ ಬಂದು ನಮ್ಮ ಹುಡುಗರು ಬಡಿಸಿದ್ದನ್ನು ತಿಂದು ಹೋದರಂತೆ. ಗೊತ್ತಿದ್ದರೆ ತಿನ್ನುತ್ತಿರಲಿಲ್ಲ ಅಂತ ಇವರು ಹಿಂದೆ ನಿಂತು ನಕ್ಕರಂತೆ. ಆ ನಗುವಿಗೆ ನಾವು ಬೆಲೆ ಕೊಡುತ್ತೇವೆ. ಆದರೆ ತಮ್ಮಾ, ಮುಂದಿನ ಬಾಗಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತವನು ಯಾರು? ಮೈಸೂರಿನವನು, ಬೆಂಗಳೂರಿನವನು, ಇಂಗ್ಲಿಷು ಗೊತ್ತಿರುವವನು. ಪ್ರಾಣಿ ಹೆಸರು ಲ್ಯಾಟಿನ್ನಿನಲ್ಲಿ ಹೇಳಿ ಟಿಪ್ಸು ಇಸಕೊಳ್ಳುವವನು ಯಾರು? ಮಣ್ಣಿನ ಮೇಲೆ ಹೆಜ್ಜೆ ನೋಡಿ ಹುಲಿ ಯಾವಾಗ ಹೋಯಿತು ಅಂತ ಹೇಳೋ ಜೇನುಕುರುಬರ ಅಜ್ಜ ಅದೇ ರೆಸಾರ್ಟಿನಲ್ಲಿ ಹುಲ್ಲು ಕತ್ತರಿಸುತ್ತಾನೆ. ಕಕ್ಕಸು ತೊಳೆಯುವವರು ಯಾರು? ಬಟ್ಟೆ ಒಗೆಯುವವರು ಯಾರು? ಕಸದ ಗಾಡಿ ಹಿಂದೆ ನಿಂತವರು ಯಾರು? ಯಾರೂ ಜಾತಿ ಕೇಳಲಿಲ್ಲ, ಆದರೂ ಎಲ್ಲರೂ ತಮ್ಮ ತಮ್ಮ ಜಾಗಕ್ಕೇ ಬಂದು ನಿಂತಿದ್ದಾರೆ. ಮನು ಎಂಥ ಮ್ಯಾನೇಜರು ನೋಡಿ.

ನಾವೂ ಒಮ್ಮೆ ಕೆಲಸ ಕೇಳಲು ಹೋಗಿದ್ದೆವು. ಬಿ.ಎ. ಮುಗಿದ ವರ್ಷ. ಕಾಡಿನ ವಿಷಯ ಪ್ರವಾಸಿಗಳಿಗೆ ಹೇಳುವ ಕೆಲಸ ಇದೆ ಅಂತ ಕೇಳಿ, ಇಸ್ತ್ರಿ ಶರಟು ಹಾಕಿಕೊಂಡು ಹೋದೆವು. ಇಲ್ಲಿಯ ಮರ, ಹಕ್ಕಿ, ಹೊಳೆ ನಮಗೆ ಗೊತ್ತು, ಮುಳುಗಿದ ಊರುಗಳ ಕತೆ ಗೊತ್ತು ಅಂದೆವು. ಕೂತವರು ಒಳ್ಳೆಯವರೇ, ಚಾ ಕೊಟ್ಟರು. 'ಅತಿಥಿಗಳು ರಜಕ್ಕೆ ಬಂದಿರ್ತಾರೆ, ಮುಳುಗಿದ್ದು ಅದು ಇದು ಅಂದ್ರೆ ಬೇಜಾರಾಗ್ತಾರೆ' ಅಂದರು. ಇಂಗ್ಲಿಷಿನಲ್ಲಿ ನಾಲ್ಕು ಮಾತು ಕೇಳಿದರು. ನಮ್ಮ ಇಂಗ್ಲಿಷು ಸರ್ಕಾರಿ ಶಾಲೆಯದು. ಸ್ಟೋರಿನಲ್ಲಿ ಲೆಕ್ಕ ಬರೆಯೋ ಕೆಲಸ ಕೊಡ್ತೀವಿ ಅಂದರು. ಬರುವಾಗ ಗೇಟಿನವನು ಚೀಲ ಬಿಚ್ಚಿ ನೋಡಿದ. ಚೀಲದಲ್ಲಿ ಇದ್ದದ್ದು ಮಾರ್ಕ್ಸ್‌ಕಾರ್ಡು ಮತ್ತು ಪದ್ಯದ ಪುಸ್ತಕ.

ಈಗ ತಮಟೆಯ ವಿಷಯ. ಇದನ್ನು ಬರೆಯದೆ ನಾವು ಮಲಗಲಾರೆವು.

ನಮ್ಮೂರಿನಲ್ಲಿ ತಮಟೆ ಬಡಿಯುವುದು ನಮ್ಮ ಕೇರಿಯ ಪಾಲಿಗೆ ಬಿದ್ದ ಚಾಕರಿ. ಹಬ್ಬಕ್ಕೆ ಬಡಿಯಬೇಕು, ಹೆಣದ ಮುಂದೆ ಬಡಿಯಬೇಕು, ಊರಿಗೆ ಸಾರಬೇಕು. ಬಡಿದವರಿಗೆ ಗುಡಿ ಮೆಟ್ಟಿಲ ಕೆಳಗೆ ಅನ್ನ. ದಲಿತ ಸಂಘರ್ಷ ಸಮಿತಿಯ ಹಾಡು ಹಳ್ಳಿ ಹಳ್ಳಿಗೆ ಬಂದ ಕಾಲದಲ್ಲಿ ನಮ್ಮ ದೊಡ್ಡಪ್ಪಂದಿರು ಕೂತು ತೀರ್ಮಾನ ಮಾಡಿದರು, ಇನ್ನು ಹೆಣದ ಮುಂದೆ ಬಡಿಯೋದಿಲ್ಲ. ಊರು ಬಹಿಷ್ಕಾರ ಹಾಕಿತು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಹೊಲಕ್ಕೆ ಕರೆಯಲಿಲ್ಲ, ಬಾವಿ ಹತ್ತಿರ ಬಿಡಲಿಲ್ಲ. ಉಪ್ಪಿಗೆ ಮೂರು ಮೈಲಿ ನಡೆದರು. ತಮಟೆಗಳನ್ನು ಅಟ್ಟದ ಮೇಲೆ ಹಾಕಿದರು, ಇಲಿ ಕಡಿದವು. ನಮ್ಮ ಓದು, ನಮ್ಮ ಡಿಗ್ರಿ, ಈಗ ಬರೆಯುತ್ತಿರುವ ಈ ಕೈ, ಎಲ್ಲಾ ಆ ಮೂರು ಮೈಲಿ ನಡೆದದ್ದರಿಂದ ಬಂದದ್ದು.

ಆ ತಮಟೆಯನ್ನು ಈಗ ರೆಸಾರ್ಟು ಅಟ್ಟದಿಂದ ಇಳಿಸಿದೆ. ಬಸ್ಸಿನಿಂದ ಅತಿಥಿ ಇಳಿಯುವಾಗ ಎರಡು ಸಾಲಾಗಿ ನಿಂತು ಬಡಿಯಬೇಕು. ಮೈಮೇಲೆ ಅಂಗಿ ಇರಬಾರದು, ಸೊಂಟಕ್ಕೆ ಎಲೆ ಬಣ್ಣದ ಬಟ್ಟೆ, ತಲೆಗೆ ಗರಿ. ಯಾವ ಕುಲದವರು ಯಾವ ಕಾಲದಲ್ಲಿ ಹೀಗೆ ಉಟ್ಟಿದ್ದರೋ ಆ ದೇವರಿಗೇ ಗೊತ್ತು. ನಮ್ಮ ತಮಟೆ ಹಾಡಿಯವರದೂ ಅಲ್ಲ, ಹಾಡಿಯವರ ಕುಣಿತ ನಮ್ಮದೂ ಅಲ್ಲ. ಅತಿಥಿಗೆ ಎರಡೂ ಒಂದೇ, ಟ್ರೈಬಲ್. ಹುಡುಗರಿಗೆ ಒಬ್ಬೊಬ್ಬರಿಗೆ ಐನೂರು. ಐನೂರು ಸಣ್ಣ ದುಡ್ಡಲ್ಲ. ಶುಂಠಿ ಹೊಲದಲ್ಲಿ ದಿನವಿಡೀ ಬಗ್ಗಿದರೂ ಅಷ್ಟು ಬರೋದು ಕಷ್ಟ.

ಕಲೆಗೆ ಬೆಲೆ ಬಂತು, ಇದರಲ್ಲಿ ತಪ್ಪೇನು ಅಂತ ಕೇಳುವವರು ಇದ್ದಾರೆ. ನಮ್ಮ ಪೈಕಿಯೇ ಇದ್ದಾರೆ. ತಮಟೆ ನಮ್ಮ ಹೆಮ್ಮೆ, ನಾಚಿಕೆ ಯಾಕೆ ಅಂತಾರೆ. ಒಪ್ಪುತ್ತೇವೆ. ಮೆರವಣಿಗೆಯ ಮುಂದೆ, ಅಂಬೇಡ್ಕರ್ ಜಯಂತಿಗೆ, ನಾವೂ ಬಡಿಯುತ್ತೇವೆ, ಕೈ ಬಾಯುವ ತನಕ ಬಡಿಯುತ್ತೇವೆ. ಬಡಿಯುವವನು ಯಾವಾಗ ನಿಲ್ಲಿಸಬೇಕು ಅನ್ನೋದು ಅಲ್ಲಿ ಅವನ ಕೈಯಲ್ಲಿದೆ. ರೆಸಾರ್ಟಿನಲ್ಲಿ ಮ್ಯಾನೇಜರು ಕೈ ಎತ್ತಿದರೆ ಶುರು, ಕೈ ಇಳಿಸಿದರೆ ನಿಲ್ಲಬೇಕು. ಹೆಣದ ಮುಂದೆ ಬಡಿದಾಗಲೂ ಹೀಗೇ ಇತ್ತು, ಆವಾಗ ಕೈ ಎತ್ತುತ್ತಿದ್ದವನು ಪಟೇಲ.

ಹೋದ ವಾರ ಒಬ್ಬ ಬೈಕಿನಲ್ಲಿ ಬಂದ. ಬೆಂಗಳೂರಿನ 100 ಜನದ ಗುಂಪು ಬರುತ್ತದಂತೆ, ಹತ್ತು ತಮಟೆ ಬೇಕಂತೆ, ಈ ಸಲ ತಲೆಗೆ 800. ಕೇರಿಯ ಬೇವಿನ ಮರದಡಿ ಕೂತೆವು. ಹುಡುಗರು ಹೋಗೋಣ ಅಂದರು. ಒಬ್ಬ ಬೇಡ ಅಂದ. ಹೆಂಗಸರು 800 ಅಂದ್ರೆ ಹತ್ತು ಜನಕ್ಕೆ ಎಷ್ಟಾಯ್ತು ಅಂತ ಲೆಕ್ಕ ಹಾಕಿದರು. ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, 'ಹೋಗ್ರಪ್ಪ, ಬ್ಯಾಡ ಅನ್ನಾಕೆ ನಾನ್ಯಾರು. ಆದ್ರೆ ಅಂಗಿ ಹಾಕ್ಕೊಂಡು ಹೋಗಿ' ಅಂದರು.

ಅದರ ಮೇಲೆ ನಾವು ಒಂದು ಕಾಗದ ಬರೆದು ಆ ಬೈಕಿನವನ ಕೈಗೆ ಕೊಟ್ಟೆವು. ಬಿಳಿ ಅಂಗಿ, ಪ್ಯಾಂಟು, ಕಾಲಿಗೆ ಬೂಟು ಹಾಕಿ ಬರುತ್ತೇವೆ. ಗರಿ ಇಲ್ಲ, ಎಲೆ ಇಲ್ಲ. ಬಡಿಯುವ ಮೊದಲು ಐದು ನಿಮಿಷ ಮೈಕು ಬೇಕು; ನೀವು ನೋಡುತ್ತಿರುವ ನೀರಿನಡಿ ಇರುವ ಊರುಗಳ ಹೆಸರನ್ನು, ಕಾಡಿನಿಂದ ಎತ್ತಿಸಿದ ಹಾಡಿಗಳ ಹೆಸರನ್ನು ಒಂದೊಂದಾಗಿ ಹೇಳುತ್ತೇವೆ. ಹಾಡಿಯ ಹಿರಿಯರನ್ನು ಕೇಳಿ ಪಟ್ಟಿ ಬರೆದುಕೊಂಡಿದ್ದೇವೆ, ಅವರಲ್ಲಿ ಇಬ್ಬರು ಜೊತೆಗೆ ಬರುತ್ತಾರೆ. ಬಡಿದಾದ ಮೇಲೆ ಅತಿಥಿಗಳು ಕೂತ ಸಾಲಿನಲ್ಲೇ ನಮಗೂ ಊಟ. ಅಡುಗೆ ಮನೆ ಹಿಂದೆ ತಟ್ಟೆ ಹಿಡಿದು ನಿಲ್ಲುವುದಿಲ್ಲ.

ಅವನು ಓದಿ, ಮಡಚಿ ಜೇಬಿಗೆ ಇಟ್ಟುಕೊಂಡ. 'ಸಾಹೇಬ್ರನ್ನ ಕೇಳಿ ಫೋನ್ ಮಾಡ್ತೀನಿ ಅಣ್ಣ' ಅಂದ. ಎಂಟು ದಿನವಾಯಿತು. ತಮಟೆ ಬಿಸಿಲಿಗೆ ಇಟ್ಟಿದ್ದೇವೆ.